ಹಳೇ ಕಾರಿನ ಕ್ಲಚ್ ಸ್ಲಿಪ್ ಆಗ್ತಿದೆ, ಗೇರ್‌ಬಾಕ್ಸ್ ಇಳಿಸಲೇಬೇಕಾ?

ನಿಮ್ಮ 18 ವರ್ಷದ ಕಾರು ಏರು ಹತ್ತುವಾಗ ಎಂಜಿನ್ ಕೂಗುತ್ತದೆ, ಸ್ಪೀಡ್ ಮಾತ್ರ ಏರುವುದಿಲ್ಲ ಎಂದಿದ್ದೀರಿ. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಸೆಟ್ ಪೂರ್ತಿ ಬದಲಿಸಬೇಕು ಅಂತ ಮೆಕ್ಯಾನಿಕ್ ಹೇಳಿದ್ದು ಸರಿಯಾ ಅಂತ ಕೇಳಿದ್ದೀರಿ. ಸರಿ ಇರಬಹುದು. ಆದರೆ ಇಳಿಸುವ ಮೊದಲು ಅರ್ಧ ಗಂಟೆ ಕೊಟ್ಟು ನೋಡಲೇಬೇಕಾದ್ದು ಕೆಲವಿದೆ. ಸ್ಲಿಪ್ ಯಾಕೆ ಆಗ್ತಿದೆ ಅನ್ನೋದು ಗೊತ್ತಿಲ್ಲದೆ ಪ್ಲೇಟ್ (ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ಚಿನ ತಟ್ಟೆ) ಹಾಕಿಸಿದ್ದರಿಂದ ನಾನು ಅದೇ ಕೆಲಸವನ್ನು ಎರಡು ಸಲ ಮಾಡಿಸಬೇಕಾಯಿತು.

ಮೊದಲು ಅದು ಸ್ಲಿಪ್ಪೇ ಹೌದಾ ನೋಡಿ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಲ್ಲಿ 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಲರೇಟರ್ ಪೂರ್ತಿ ಒತ್ತಿ. ಕ್ಲಚ್ ಚೆನ್ನಾಗಿದ್ದರೆ ಎಂಜಿನ್ ಸದ್ದೂ ವೇಗವೂ ಜೊತೆಜೊತೆಗೆ, ನಿಧಾನಕ್ಕೆ ಏರುತ್ತವೆ. ಸ್ಲಿಪ್ ಇದ್ದರೆ ಸದ್ದು ಒಮ್ಮೆಲೇ ಮೇಲಕ್ಕೆ ಹಾರುತ್ತದೆ, ಕಾರು ಇದ್ದ ವೇಗದಲ್ಲೇ ಇರುತ್ತದೆ. ಆರ್‌ಪಿಎಂ ಮುಳ್ಳು ಇಲ್ಲದ ಕಾರಾದರೆ ಕಿವಿಯೇ ಸಾಕು. ಎರಡೂ ಏರದೆ ಮಂಕಾಗಿದ್ದರೆ ತೊಂದರೆ ಕ್ಲಚ್ಚಿನದಲ್ಲ, ಪಿಕಪ್‌ದು. ಇಂಧನ, ಏರ್ ಫಿಲ್ಟರ್, ಹಿಡಿದುಕೊಂಡ ಬ್ರೇಕ್ ಇವನ್ನು ನೋಡಬೇಕು. ನಿಂತಲ್ಲೇ ನೋಡುವುದಾದರೆ, ಮುಂದೆ ಯಾರೂ ಇಲ್ಲದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ಮೂರನೇ ಗೇರ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಬಿಡಿ. ಎಂಜಿನ್ ತಕ್ಷಣ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಸ್ಲಿಪ್ ಖಚಿತ. ಇದನ್ನು ಒಂದು ಸಲಕ್ಕಿಂತ ಹೆಚ್ಚು ಮಾಡಬೇಡಿ, ಇರುವ ಪ್ಲೇಟೂ ಸುಟ್ಟು ಹೋಗುತ್ತದೆ.

ಈಗ ಪೆಡಲ್. ಕಾಲಲ್ಲಿ ಬೇಡ, ಕೈಯಲ್ಲಿ ಒತ್ತಿ ನೋಡಿ. ಭಾರ ತಗೊಳ್ಳುವ ಮುಂಚೆ ಪೆಡಲ್ ಸ್ವಲ್ಪ ದೂರ ಹಗುರವಾಗಿ ಹೋಗಬೇಕು. ಈ ಫ್ರೀ ಪ್ಲೇ ಕೇಬಲ್ ಇರುವ ಎಷ್ಟೋ ಕಾರುಗಳಲ್ಲಿ 15ರಿಂದ 25 ಮಿ.ಮೀ. ಇರುತ್ತದೆ, ನಿಮ್ಮ ಕಾರಿನ ಲೆಕ್ಕ ಅದರ ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ. ಪ್ಲೇಟ್ ಸವೆದಂತೆ, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಫ್ಲೈವೀಲ್ (ಎಂಜಿನ್ ತಿರುಗಿಸುವ ಭಾರದ ಚಕ್ರ) ಕಡೆ ಸರಿಯುತ್ತದೆ, ಅದರ ಡಯಾಫ್ರಮ್ ಸ್ಪ್ರಿಂಗಿನ ಬೆರಳುಗಳು ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಆ ಬೆರಳುಗಳನ್ನು ತಳ್ಳುವ ಬೇರಿಂಗ್) ಕಡೆಗೆ ಬರುತ್ತವೆ, ಕೇಬಲ್ಲಿನ ಸಡಿಲ ಅಷ್ಟಷ್ಟೇ ಕರಗುತ್ತದೆ. ಪೂರ್ತಿ ಕರಗಿದರೆ ನೀವು ಸದಾ ಪೆಡಲ್ ಮೇಲೆ ಕಾಲಿಟ್ಟೇ ಓಡಿಸಿದ ಹಾಗೆ. ಆ ಬೇರಿಂಗ್ ತಳ್ಳುವ ಫೋರ್ಕ್ ಹತ್ತಿರ ಕೇಬಲ್ ತುದಿಯಲ್ಲಿರುವ ನಟ್ ಸಡಿಲಿಸಿ ಫ್ರೀ ಪ್ಲೇ ವಾಪಸ್ ತನ್ನಿ. ಇಷ್ಟಕ್ಕೇ ಸ್ಲಿಪ್ ನಿಂತ ಕಾರುಗಳನ್ನು ಕಣ್ಣಾರೆ ಕಂಡಿದ್ದೇನೆ. ನಿಂತು, ಕೆಲವೇ ದಿನದಲ್ಲಿ ಮತ್ತೆ ಬಂದರೆ ಪ್ಲೇಟ್ ಕೊನೆಗೆ ಬಂದಿದೆ ಅಂತ ತಿಳಿಯಿರಿ.

ಕೇಬಲ್ ಬದಲು ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಕ್ಲಚ್) ಇದ್ದರೆ ಪರೀಕ್ಷೆ ಬೇರೆ. ತಣ್ಣಗಿದ್ದಾಗ ಸರಿಯಾಗಿ ಓಡಿ, ಟ್ರಾಫಿಕ್ಕಲ್ಲಿ ಹತ್ತಾರು ಸಲ ಕ್ಲಚ್ ಒತ್ತಿದ ಮೇಲೆ ಮಾತ್ರ ಸ್ಲಿಪ್ ಆಗುತ್ತದಾ ಗಮನಿಸಿ. ಹಾಗಿದ್ದರೆ, ಸ್ಲಿಪ್ ಆಗುತ್ತಿರುವಾಗಲೇ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಪೆಡಲ್ ಮುಟ್ಟದೆ ಸ್ಲೇವ್ ಸಿಲಿಂಡರಿನ (ಗೇರ್‌ಬಾಕ್ಸ್ ಕಡೆಯದು) ಬ್ಲೀಡಿಂಗ್ ಸ್ಕ್ರೂ, ಅಂದರೆ ಎಣ್ಣೆ ಹೊರಬಿಡುವ ಸ್ಕ್ರೂ, ಒಂದಿಷ್ಟು ತಿರುಗಿಸಿ. ಎಣ್ಣೆ ರಭಸದಿಂದ ಚಿಮ್ಮಿ, ಸ್ಕ್ರೂ ಬಿಗಿ ಮಾಡಿ ಓಡಿಸಿದಾಗ ಸ್ಲಿಪ್ ಮಾಯವಾದರೆ ಪ್ಲೇಟಿನ ತಪ್ಪಿಲ್ಲ, ಒತ್ತಡ ಒಳಗೇ ಸಿಕ್ಕಿಹಾಕಿಕೊಂಡಿದೆ. ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರಿನಲ್ಲಿ ಎಣ್ಣೆ ವಾಪಸ್ ಹೋಗುವ ರಂಧ್ರ ಮುಚ್ಚಿರಬಹುದು, ಅಥವಾ ರಬ್ಬರ್ ಹೋಸ್ ಒಳಗಡೆ ಊದಿಕೊಂಡಿರಬಹುದು. ಹಳೇ ಹೋಸ್ ಹೊರಗಿನಿಂದ ಎಷ್ಟು ಚೆನ್ನಾಗಿ ಕಂಡರೂ ನಂಬಬೇಡಿ. ಆ ಎಣ್ಣೆ ಪೇಂಟ್ ತಿನ್ನುತ್ತದೆ, ಬಿದ್ದ ಕಡೆ ಕೂಡಲೇ ನೀರಲ್ಲಿ ತೊಳೆಯಿರಿ.

ಇಷ್ಟಾದರೂ ಸ್ಲಿಪ್ ಇದ್ದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಇಳಿಸುವಾಗ ನೀವು ಅಲ್ಲಿರಿ.

ನನ್ನ ಹಳೇ ಕಾರಿಗೆ ಹೊಸ ಪ್ಲೇಟ್ ಹಾಕಿಸಿ ನಾಲ್ಕು ತಿಂಗಳಾಗಿತ್ತು, ಮತ್ತೆ ಅದೇ ಸುಟ್ಟ ವಾಸನೆ, ಏರಿನಲ್ಲಿ ಅದೇ ಕೂಗು. ಎರಡನೇ ಸಲ ಬಿಚ್ಚುವಾಗ ಟಾರ್ಚ್ ಹಿಡಿದು ಪಕ್ಕದಲ್ಲೇ ನಿಂತೆ. ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರುವ ಕವಚ) ಒಳಗೋಡೆಗೆ ಧೂಳೂ ಎಣ್ಣೆಯೂ ಕಲಸಿ ಕಪ್ಪು ರಾಡಿ ಮೆತ್ತಿತ್ತು. ಪ್ಲೇಟ್ ಕೈಗೆ ತಗೊಂಡರೆ ಲೈನಿಂಗ್ (ಪ್ಲೇಟಿನ ಮೇಲಿನ ಹಿಡಿತದ ಪದರ) ಹಿಡಿದಿರುವ ರಿವೆಟ್ ತಲೆಗಳು ಇನ್ನೂ ಆಳದಲ್ಲೇ ಇದ್ದವು, ಅಂದರೆ ಸವೆದೇ ಇರಲಿಲ್ಲ. ಲೈನಿಂಗ್ ಮಾತ್ರ ಕಪ್ಪಾಗಿ, ಗಾಜಿನ ಹಾಗೆ ಹೊಳೆಯುತ್ತಿತ್ತು. ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲ್ ಸೋರಿ ಪ್ಲೇಟ್ ಎಣ್ಣೆ ಕುಡಿದಿತ್ತು. ಮೊದಲ ಸಲವೇ ಆ ಸೀಲ್ ಬದಲಿಸಿದ್ದರೆ ಎರಡನೇ ಸಲದ ಕೂಲಿ, ಹೊಸ ಪ್ಲೇಟು ಎರಡೂ ಉಳಿಯುತ್ತಿತ್ತು. ಸೀಲ್ ಹಾಕಿಸಿದ ಮೇಲೆ ಅದು ಮತ್ತೆ ತೊಂದರೆ ಕೊಡಲಿಲ್ಲ.

ಹಾಗಾಗಿ ಎಣ್ಣೆ ಕಂಡರೆ ಎಲ್ಲಿಂದ ಬಂತು ಅನ್ನೋದನ್ನು ಹುಡುಕದೆ ಹೊಸ ಪ್ಲೇಟ್ ಒಳಗೆ ಹೋಗಲು ಬಿಡಬೇಡಿ. ಫ್ಲೈವೀಲಿನ ಹಿಂಭಾಗ (ಎಂಜಿನ್ನಿಗೆ ಮುಖಮಾಡಿದ ಬದಿ) ಒದ್ದೆ ಇದ್ದರೆ ಎಂಜಿನ್ ಕಡೆಯ ಸೀಲ್. ಇನ್‌ಪುಟ್ ಶಾಫ್ಟ್ (ಕ್ಲಚ್ಚಿನಿಂದ ಗೇರ್‌ಬಾಕ್ಸ್ ಒಳಗೆ ಹೋಗುವ ದಂಡ) ಸುತ್ತ ಒದ್ದೆ ಇದ್ದರೆ ಗೇರ್‌ಬಾಕ್ಸ್ ಸೀಲ್. ಮೂಸಿದರೂ ತಿಳಿಯುತ್ತದೆ, ಗೇರ್ ಆಯಿಲ್ಲಿಗೆ ಗಂಧಕದ ಘಾಟು ಇರುತ್ತದೆ. ಎಂಜಿನ್ ಸೀಲ್ ಸೋರಿದ್ದರೆ ಬ್ರೀದರ್ ಪೈಪ್ (ಎಂಜಿನ್ ಒಳಗಿನ ಒತ್ತಡ ಹೊರಬಿಡುವ ಪೈಪ್) ಕಟ್ಟಿದೆಯಾ ನೋಡಿಸಿ, ಒಳಗೆ ಒತ್ತಡ ಹೆಚ್ಚಿದರೆ ಹೊಸ ಸೀಲೂ ಸೋರುತ್ತದೆ. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಲ್ಲಿ ತೊಳೆದು ಮತ್ತೆ ಹಾಕುತ್ತೇವೆ ಅಂದರೆ ಒಪ್ಪಬೇಡಿ. ಬಿಸಿಯಾದಾಗ ಲೈನಿಂಗ್ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಎಣ್ಣೆ ಇಲ್ಲ, ಲೈನಿಂಗ್ ರಿವೆಟ್ ತಲೆಯಿಂದ 0.3 ಮಿ.ಮೀ. ಕೂಡ ಮೇಲಿಲ್ಲ ಅಂದರೆ ಅದು ನ್ಯಾಯವಾಗಿ ಸವೆದ ಪ್ಲೇಟ್. ಆಗ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ. ಬೇರಿಂಗ್ ಒಂದನ್ನು ಉಳಿಸಲು ಹೋದರೆ ಅದು ಕೂಗತೊಡಗಿದ ದಿನ ಮತ್ತೆ ಎಲ್ಲ ಇಳಿಸಬೇಕು. ಫ್ಲೈವೀಲ್ ಮೇಲೆ ನೀಲಿ ಕಲೆ ಅಥವಾ ಕೂದಲೆಳೆ ಬಿರುಕು ಇದೆಯಾ ನೋಡಿ. ಕಲೆಯಾದರೆ ಲೇತಿಗೆ ಕೊಟ್ಟು ಮುಖ ಸಮ ಮಾಡಿಸಬಹುದು, ಬಿರುಕು ಆಳವಿದ್ದರೆ ಬೇರೆ ಫ್ಲೈವೀಲೇ ಬೇಕು.

ಹಳೇ ಕಾರುಗಳ ಲೈನಿಂಗಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಆ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು, ಒಳ್ಳೆ ಮಾಸ್ಕ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಕೆಲಸ ಮಾಡುವವರಿಗೂ ಹೇಳಿ, ಎಷ್ಟೋ ಜನ ಅಭ್ಯಾಸಬಲದಿಂದ ಏರ್ ಗನ್ ಎತ್ತಿಕೊಳ್ಳುತ್ತಾರೆ.

ನೀವೇ ಬಿಚ್ಚುವ ಯೋಚನೆ ಇದ್ದರೆ ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಕೂರಿಸುವಾಗ ಗೇರ್‌ಬಾಕ್ಸಿನ ಭಾರ ಒಂದು ಕ್ಷಣವೂ ಇನ್‌ಪುಟ್ ಶಾಫ್ಟ್ ಮೇಲೆ ನೇತಾಡಬಾರದು, ಹೊಸ ಪ್ಲೇಟ್ ಸೊಟ್ಟಗಾಗಿ ಆಮೇಲೆ ಗೇರ್ ಬೀಳುವುದೇ ಕಷ್ಟವಾಗುತ್ತದೆ. ಹೊಸ ಸೆಟ್ ಹಾಕಿದ ಮೇಲೆ ಮೊದಲ 500 ಕಿ.ಮೀ. ಮೆತ್ತಗೆ ಓಡಿಸಿ, ಏರಿನಲ್ಲಿ ಅರ್ಧ ಕ್ಲಚ್ಚಲ್ಲಿ ನಿಲ್ಲಿಸಿಕೊಳ್ಳದೆ ಹ್ಯಾಂಡ್ ಬ್ರೇಕ್ ಎಳೆಯಿರಿ.