ಪ್ರತಿ: ಸಿಆರ್‌ಪಿ ನಾರ್ಮಲ್ ಇದ್ದರೂ ಆಂಟಿಬಯಾಟಿಕ್ ಯಾಕೆ?

30 ವಾರಕ್ಕೆ ಹುಟ್ಟಿದ ಮಗು ಸಿಪ್ಯಾಪ್ (ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಯಂತ್ರ) ಮೇಲಿದೆ, ಹುಟ್ಟಿದ 4ನೇ ಗಂಟೆಯ ಸಿಆರ್‌ಪಿ (ಸೋಂಕಿದ್ದರೆ ರಕ್ತದಲ್ಲಿ ಏರುವ ಪ್ರೋಟೀನ್) ನಾರ್ಮಲ್, ಆದರೂ ಆಂಟಿಬಯಾಟಿಕ್ ಯಾಕೆ ಅಂತ ಕೇಳಿದ್ದೀರಿ. ಆ 4 ಗಂಟೆಯಲ್ಲೇ ಉತ್ತರ ಇದೆ. ಸಿಆರ್‌ಪಿ ತಯಾರಾಗುವುದು ಲಿವರ್‌ನಲ್ಲಿ. ಸೋಂಕು ಶುರುವಾದ ಮೇಲೆ ರಕ್ತದಲ್ಲಿ ಏರಿದ್ದು ಕಾಣಲು ಸುಮಾರು 10–12 ಗಂಟೆ ಬೇಕು. ಹಾಗಾಗಿ ಮೊದಲ ರಿಪೋರ್ಟ್ ನಂಬಿ ಕೂರುವಂತಿಲ್ಲ. ಪ್ರೊಕ್ಯಾಲ್ಸಿಟೋನಿನ್ (ಸೋಂಕು ಪತ್ತೆಗೆ ಮಾಡುವ ಇನ್ನೊಂದು ರಕ್ತ ಪರೀಕ್ಷೆ) ಮಾಡಿಸಿ ಅನ್ನುವವರೂ ಸಿಗುತ್ತಾರೆ. ಆದರೆ ಹುಟ್ಟಿದ ಮೊದಲ ಎರಡು ದಿನ ಅದು ಸೋಂಕಿಲ್ಲದ ಮಗುವಿನಲ್ಲೂ ತಾನಾಗಿ ಏರುತ್ತದೆ.

ಸರ್ಫ್ಯಾಕ್ಟಂಟ್ (ಶ್ವಾಸಕೋಶ ಕುಸಿಯದಂತೆ ತಡೆಯುವ ವಸ್ತು) ಕೊರತೆಯಾಗಲಿ, ಹುಟ್ಟುವಾಗಲೇ ಬಂದ ನ್ಯುಮೋನಿಯಾ ಆಗಲಿ, ಉಸಿರಿಗೊಮ್ಮೆ ನರಳುವುದು, ಪಕ್ಕೆ ಒಳಗೆಳೆಯುವುದು, ಎಕ್ಸ್‌ರೇಯಲ್ಲಿ ಮಸುಕು ಎಲ್ಲ ಒಂದೇ ಥರ. ಅದಕ್ಕೇ ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ಕಳಿಸಿ ಔಷಧಿ ಶುರು ಮಾಡುತ್ತಾರೆ. 24 ಗಂಟೆ ಬಿಟ್ಟು ಮಾಡಿದ ಸಿಆರ್‌ಪಿಯೂ 10 ಮಿ.ಗ್ರಾಂ/ಲೀಟರ್ ಒಳಗಿದ್ದು, 36–48 ಗಂಟೆಗೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಮಗು ಸುಧಾರಿಸುತ್ತಿದ್ದರೆ ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಆಗಲೂ ಮುಂದುವರಿಸಿದರೆ ಕಾರಣ ಕೇಳಿ, ಸಂಕೋಚ ಬೇಡ.

ಸರ್ಫ್ಯಾಕ್ಟಂಟ್ ಕೊಡುವ ತೀರ್ಮಾನ ಮಾತ್ರ ಸೋಂಕಿನ ಈ ರಕ್ತ ಪರೀಕ್ಷೆಗಳ ಮೇಲೆ ನಿಂತಿಲ್ಲ. ಸಿಪ್ಯಾಪ್ ಒತ್ತಡ 6 ಸೆಂ.ಮೀ. (ನೀರಿನ ಮಟ್ಟದ ಅಳತೆ) ಇದ್ದೂ ಆಕ್ಸಿಜನ್ 30% ದಾಟಬೇಕಾಗಿ ಬಂದರೆ ಕೊಡುತ್ತಾರೆ.

ಲ್ಯಾಕ್ಟೇಟ್ (ಅಂಗಾಂಶಗಳಿಗೆ ಆಕ್ಸಿಜನ್ ಸಾಲದಾಗ ರಕ್ತದಲ್ಲಿ ಏರುವ ವಸ್ತು) ಜಾಸ್ತಿ ಅಂದಿರಲ್ಲ, ರಕ್ತ ಹಿಮ್ಮಡಿಯಿಂದ ತೆಗೆದದ್ದಾ? ತಣ್ಣಗಿರುವ ಹಿಮ್ಮಡಿ ಹಿಂಡಿದರೆ ಲ್ಯಾಕ್ಟೇಟ್, ಪೊಟ್ಯಾಸಿಯಂ ಎರಡೂ ಸುಳ್ಳೇ ಜಾಸ್ತಿ ತೋರಿಸಬಹುದು. ಅನುಮಾನ ಬಂದರೆ ಅಪಧಮನಿಯ ರಕ್ತದಲ್ಲಿ ಮತ್ತೊಮ್ಮೆ ನೋಡುತ್ತಾರೆ.