ಮೊದಲ ಭೇಟಿಯಲ್ಲಿ ಏನು ಮಾತನಾಡಬೇಕು?

ಮಾನವ ಕಳ್ಳಸಾಗಣೆಯಿಂದ ಪಾರಾದ ಹೆಣ್ಣುಮಕ್ಕಳ ಪುನರ್ವಸತಿ ಕೇಂದ್ರಕ್ಕೆ ಮುಂದಿನ ವಾರ ಮೊದಲ ಬಾರಿ ಸ್ವಯಂಸೇವಕಿಯಾಗಿ ಹೋಗುತ್ತಿರುವುದಾಗಿಯೂ, ಮಾತು ಹೇಗೆ ಆರಂಭಿಸಬೇಕೆಂದು ತಿಳಿಯುತ್ತಿಲ್ಲವೆಂದೂ ತಾವು ಬರೆದಿದ್ದೀರಿ. ದಯವಿಟ್ಟು "ನಿಮಗೆ ಏನಾಯಿತು?" ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಅವರು ಪೊಲೀಸರ ಮುಂದೆ, ವೈದ್ಯರ ಮುಂದೆ, ನ್ಯಾಯಾಲಯದಲ್ಲಿ ಹಲವು ಸಲ ಉತ್ತರಿಸಿರುತ್ತಾರೆ. ಮೊಕದ್ದಮೆ ಇನ್ನೂ ನಡೆಯುತ್ತಿದ್ದರೆ, ತಮ್ಮೊಡನೆ ಆಡಿದ ಮಾತೇ ಪಾಟೀಸವಾಲಿನಲ್ಲಿ ಅವರ ವಿರುದ್ಧ ತಿರುಗಬಹುದು.

ನಾನು ಮೊದಲ ದಿನ, ಅವರೆಕಾಯಿ ಸುಲಿಯುತ್ತಿದ್ದವರ ನಡುವೆ ಒಂದು ಮೊರ ಎಳೆದುಕೊಂಡು ಸುಮ್ಮನೆ ಕುಳಿತೆ. ಸುಮಾರು ಒಂದು ಗಂಟೆಯ ನಂತರ ಒಬ್ಬಾಕೆ, "ಅಕ್ಕ, ನಿಮ್ಮೂರ ಕಡೆ ಅವರೆಕಾಯಿಗೆ ಇಷ್ಟು ಸೊಗಡು ಇರುತ್ತಾ?" ಎಂದು ಕೇಳಿದಳು. ಅಲ್ಲಿಂದ ನಮ್ಮ ಮಾತು ಶುರುವಾಯಿತು.

ಫೋಟೋ ಬೇಡವೇ ಬೇಡ. ಮಕ್ಕಳ ಗುರುತು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಆದೇಶದಂತೆ ಅಲ್ಲಿರುವವರು ಬೇಕೆಂದಾಗ ಹೊರಡಲಾರರು, ಆದ್ದರಿಂದ "ಊರಿಗೆ ಕಳುಹಿಸಿಕೊಡುತ್ತೇನೆ" ಎಂದು ಭರವಸೆ ಕೊಡಬೇಡಿ. ಕೆಲಸ ಕೊಡಿಸುತ್ತೇನೆ, ಮದುವೆಯಾಗುತ್ತೇನೆ ಎಂಬ ಮಾತುಗಳನ್ನು ನಂಬಿಯೇ ಅವರಲ್ಲಿ ಅನೇಕರು ಮೋಸಹೋಗಿರುತ್ತಾರೆ. ಪ್ರತಿ ಶನಿವಾರ ಬರುತ್ತೇನೆಂದು ಹೇಳಿದ ಮೇಲೆ ಬನ್ನಿ. ಬರಲಾಗದಿದ್ದರೆ ಹಿಂದಿನ ದಿನವೇ ಮೇಲ್ವಿಚಾರಕಿಗೆ ಫೋನ್ ಮಾಡಿ, ಅವರಿಗೆ ತಿಳಿಸುವಂತೆ ಕೇಳಿಕೊಳ್ಳಿ.