ಬಸವನಹುಳುವನ್ನು ಬ್ರ್ಯಾಕೆಟ್ಟಿನಲ್ಲಿ ಬಚ್ಚಿಟ್ಟಿದ್ದೇಕೆ?

ಆತ್ಮೀಯರೇ,

ಜಪಾನಿನ ಕಾಮಿಕ್ಸ್ ಕಲಾವಿದ ಜುಂಜಿ ಇಟೊ ಅವರ ‘ಉಜುಮಾಕಿ’ ಬಗ್ಗೆ ನೀವು ಕಳಿಸಿದ ಲೇಖನ ‘ವಿಮರ್ಶಕರ ಕಣ್ಣಲ್ಲಿ ಉಜುಮಾಕಿ’ ತಲುಪಿತು. ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪಿಲ್ಲ, ಇಸವಿಗಳು ಸರಿ ಇವೆ. ಕನ್ನಡದಲ್ಲಿ ಒಂದು ಹಾರರ್ ಕಾಮಿಕ್ಸ್ ಬಗ್ಗೆ ಆರು ಪುಟ ಬರೆಯಲು ಕೂತಿರಿ, ಅದನ್ನು ಮೆಚ್ಚಿದ್ದೇನೆ. ಆದರೆ ಈಗಿರುವ ಹಾಗೆ ಪ್ರಕಟಿಸಲಾರೆ. ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ಎರಡು ಸಾಲು ಬರೆದು ವಾಪಸು ಕಳಿಸುತ್ತೇವೆ. ನಿಮಗೆ ಇಷ್ಟುದ್ದ ಬರೆಯುತ್ತಿರುವುದು ನಿಮ್ಮ ನಾಲ್ಕನೇ ಪುಟದ ಒಂದು ವಾಕ್ಯದ ದೆಸೆಯಿಂದ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನನ್ನು ಕೆರಳಿಸಿದ್ದನ್ನು ಹೇಳಿಬಿಡುತ್ತೇನೆ.

ಈ ಪತ್ರ ಓದುವ ಉಳಿದವರಿಗೆ ಒಂದೆರಡು ಮಾತು. ‘ಉಜುಮಾಕಿ’ 1998–99ರಲ್ಲಿ ಜಪಾನಿನ ‘ಬಿಗ್ ಕಾಮಿಕ್ ಸ್ಪಿರಿಟ್ಸ್’ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದು, ಮೂರು ಸಂಪುಟಗಳಲ್ಲಿ ಮುಗಿದ ಕಥೆ. ಅದಕ್ಕೆ ಹಿಂದಿನ ಭಾಗವೂ ಇಲ್ಲ, ಮುಂದಿನ ಭಾಗವೂ ಇಲ್ಲ. ಕುರೊಜು ಎಂಬ ಕಡಲತಡಿಯ ಊರನ್ನು ತಿನ್ನುವುದು ಒಂದು ಆಕಾರ: ಸುರುಳಿ. ಕಿರಿಯೆ ಎಂಬ ಹೈಸ್ಕೂಲು ಹುಡುಗಿ ಕಥೆ ಹೇಳುತ್ತಾಳೆ. ಅವಳ ಗೆಳೆಯ ಶುಯಿಚಿಯ ಅಪ್ಪನಿಗೆ ಮೊದಲು ಆ ಹುಚ್ಚು ಹಿಡಿಯುತ್ತದೆ, ಕೊನೆಗೆ ಇಡೀ ಊರಿಗೆ.

ಈಗ ನಿಮ್ಮ ಮೊದಲ ವಾಕ್ಯ. “ವಿಶ್ವದಾದ್ಯಂತ ವಿಮರ್ಶಕರ ಮೆಚ್ಚುಗೆ ಗಳಿಸಿದ ಈ ಕೃತಿ ಓದುಗರ ಬೆನ್ನುಹುರಿಯಲ್ಲಿ ಚಳಿ ಹುಟ್ಟಿಸುತ್ತದೆ.” ಯಾವ ವಿಮರ್ಶಕರು? ಆರು ಪುಟದಲ್ಲಿ ‘ವಿಮರ್ಶಕರ ಪ್ರಕಾರ’ ಹನ್ನೊಂದು ಸಲ ಬಂದಿದೆ, ಒಬ್ಬರ ಒಂದು ಮಾತೂ ಬಂದಿಲ್ಲ. ಇನ್ನು ಬೆನ್ನುಹುರಿಯ ಚಳಿ. ಅದು ನಿಮ್ಮದಲ್ಲ, ಇಂಗ್ಲಿಷ್ ಪುಸ್ತಕಗಳ ಬೆನ್ನಪುಟದಿಂದ ಎತ್ತಿಕೊಂಡದ್ದು. ನಮಗೆ ಹೆದರಿಕೆಯಾದರೆ ಎದೆ ಝಲ್ಲೆನ್ನುತ್ತದೆ, ಕೈಕಾಲು ತಣ್ಣಗಾಗುತ್ತದೆ, ನಾಲಿಗೆ ಒಣಗುತ್ತದೆ. ನಿಮಗೆ ಇವುಗಳಲ್ಲಿ ಯಾವುದಾಯಿತು? ನನಗಂತೂ ಆ ಪುಸ್ತಕ ಓದುವಾಗ ಹೆದರಿಕೆಗಿಂತ ಮೊದಲು ಹೇಸಿಗೆಯಾಯಿತು. ತಟ್ಟೆಯಲ್ಲಿದ್ದ ಊಟ ಸೇರಲಿಲ್ಲ. ಭಯಾನಕ ಬೇರೆ, ಬೀಭತ್ಸ ಬೇರೆ ಅಂತ ನಾಟ್ಯಶಾಸ್ತ್ರ ಯಾವತ್ತೋ ವಿಂಗಡಿಸಿ ಕೊಟ್ಟಿದೆ. ಒಂದರ ಬೇರು ಭಯ, ಇನ್ನೊಂದರದು ಜುಗುಪ್ಸೆ. ಇಟೊ ಒಂದೇ ಚಿತ್ರದಲ್ಲಿ ಎರಡನ್ನೂ ಹೆಣೆಯುತ್ತಾರೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಅಂತ ನೀವು ತೋರಿಸಿದ್ದರೆ ಅದು ವಿಮರ್ಶೆಯಾಗುತ್ತಿತ್ತು.

ಎರಡನೇ ವಾಕ್ಯ: “2003ರಲ್ಲಿ ಐಸ್ನರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡ, 2009ರಲ್ಲಿ ಅಮೆರಿಕದ ಗ್ರಂಥಪಾಲಕರ ಸಂಘದ ಹದಿಹರೆಯದವರ ಹತ್ತು ಉತ್ತಮ ಗ್ರಾಫಿಕ್ ಕಾದಂಬರಿಗಳ ಪಟ್ಟಿಗೆ ಸೇರಿದ ಕೃತಿ.” ಸರಿಯಾಗಿದೆ. ಐಸ್ನರ್ ಅಂದರೆ ಅಮೆರಿಕದಲ್ಲಿ ಕಾಮಿಕ್ಸ್‌ಗೆ ಕೊಡುವ ಪ್ರಶಸ್ತಿ. ಆದರೆ ಇಷ್ಟು ಹೇಳಿ ಮುಂದಕ್ಕೆ ಹೋಗಿಬಿಟ್ಟಿರಲ್ಲ, ಅದಕ್ಕೆ ನನಗೆ ಸಂಕಟವಾಯಿತು. ಹದಿಹರೆಯದವರ ಕೈಗೆ ಗ್ರಂಥಪಾಲಕರೇ ಹಾರರ್ ಕಾಮಿಕ್ಸ್ ಕೊಟ್ಟ ಆ ದೇಶದಲ್ಲೇ, ಅದಕ್ಕೆ 55 ವರ್ಷ ಹಿಂದೆ, ಹಾರರ್ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತವೆಯೇ ಎಂದು ಸೆನೆಟ್ಟಿನ ಉಪಸಮಿತಿ ವಿಚಾರಣೆ ನಡೆಸಿತ್ತು. 1954ರ ಏಪ್ರಿಲ್ 21, ನ್ಯೂಯಾರ್ಕ್. ಕಾಮಿಕ್ಸ್ ಬಾಲಾಪರಾಧಕ್ಕೆ ದಾರಿ ಎಂದು ವಾದಿಸುತ್ತಿದ್ದ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವತ್ತು ಸಾಕ್ಷಿ ಹೇಳಿದರು. ಇಸಿ ಕಾಮಿಕ್ಸ್‌ನ ಪ್ರಕಾಶಕ ಬಿಲ್ ಗೇನ್ಸ್ ಕೂಡ ಬಂದಿದ್ದರು. ಸೆನೆಟರ್ ಕೆಫಾವರ್ ಒಂದು ಸಂಚಿಕೆಯ ಮುಖಪುಟ ಹಿಡಿದು ಕೇಳಿದರು: ರಕ್ತ ಮೆತ್ತಿದ ಕೊಡಲಿ ಹಿಡಿದವನು ಹೆಂಗಸಿನ ಕಡಿದ ತಲೆಯನ್ನು ಎತ್ತಿ ಹಿಡಿದಿದ್ದಾನೆ, ಇದು ಸದಭಿರುಚಿಯೇ? ಹಾರರ್ ಕಾಮಿಕ್ಸ್‌ನ ಮುಖಪುಟಕ್ಕೆ ಹೌದು, ಅಂದರು ಗೇನ್ಸ್. ತಲೆಯನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿ, ಕತ್ತಿನಿಂದ ರಕ್ತ ತೊಟ್ಟಿಕ್ಕುವುದು ಕಾಣುವಂತೆ ಬರೆದಿದ್ದರೆ ಕೆಟ್ಟ ಅಭಿರುಚಿಯಾಗುತ್ತಿತ್ತು, ಎಂದೂ ಸೇರಿಸಿದರು. ಬಾಯಿಂದ ರಕ್ತ ಬರುತ್ತಿದೆಯಲ್ಲ, ಅಂತ ಸೆನೆಟರ್. ಸ್ವಲ್ಪ, ಅಂತ ಗೇನ್ಸ್.

ಆ ಉತ್ತರ ಗೇನ್ಸ್‌ಗೆ ದುಬಾರಿಯಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾಮಿಕ್ಸ್ ಪ್ರಕಾಶಕರು ತಾವೇ ನೀತಿಸಂಹಿತೆ ಕಟ್ಟಿಕೊಂಡರು, ಶೀರ್ಷಿಕೆಯಲ್ಲಿ ‘ಹಾರರ್’, ‘ಟೆರರ್’ ಅನ್ನುವ ಪದಗಳನ್ನೇ ನಿಷೇಧಿಸಿದರು, ಇಸಿಯ ಹಾರರ್ ಪತ್ರಿಕೆಗಳು ನಿಂತವು. ಆದರೆ ನಾನು ಇದನ್ನು ನಿಮಗೆ ಹೇಳುತ್ತಿರುವುದು ಬೇರೆ ಕಾರಣಕ್ಕೆ. ಆ ಕೋಣೆಯಲ್ಲಿ ಇಬ್ಬರೂ ಚಿತ್ರವನ್ನು ನೋಡುತ್ತಿದ್ದರು. ತಲೆ ಎಷ್ಟು ಎತ್ತರದಲ್ಲಿದೆ, ಕತ್ತು ಕಾಣುತ್ತದೆಯೇ, ರಕ್ತ ಎಲ್ಲಿಂದ ಬರುತ್ತಿದೆ ಅಂತ ಅಂಗುಲ ಅಂಗುಲವಾಗಿ ವಾದ ಮಾಡಿದರು. ಕಾಮಿಕ್ಸ್ ಬೇಡವೆಂದವರು ಕೂಡ ಅದರ ಮೇಲೆ ಕಣ್ಣಿಟ್ಟು ಮಾತಾಡಿದರು. ಪ್ರೀತಿಸುವ ನೀವು ಆರು ಪುಟ ಬರೆದಿದ್ದೀರಿ, ಒಂದು ಚಿತ್ರದ ಮೇಲೂ ಕಣ್ಣಿಟ್ಟಿಲ್ಲ.

ಮೂರನೇ ವಾಕ್ಯದಲ್ಲಿ ನೀವು ‘ಲವ್‌ಕ್ರಾಫ್ಟಿಯನ್ ಕಾಸ್ಮಿಕ್ ಹಾರರ್‌ನ ಶ್ರೇಷ್ಠ ಉದಾಹರಣೆ’ ಅಂದಿದ್ದೀರಿ. ಅಮೆರಿಕದ ಹಾರರ್ ಕಥೆಗಾರ ಲವ್‌ಕ್ರಾಫ್ಟ್ ತಮ್ಮ ಮೇಲೆ ಪ್ರಭಾವ ಬೀರಿದ್ದಾರೆ ಅಂತ ಇಟೊ ಅವರೇ ಹೇಳಿಕೊಂಡಿದ್ದಾರೆ, ಹಾಗಾಗಿ ಮಾತು ಸುಳ್ಳಲ್ಲ. ಆದರೆ ಲವ್‌ಕ್ರಾಫ್ಟ್‌ನ ನಿರೂಪಕರು ಕಂಡದ್ದನ್ನು ವರ್ಣಿಸಲಾರೆವು ಎಂದು ಮತ್ತೆ ಮತ್ತೆ ಕೈಚೆಲ್ಲುತ್ತಾರೆ. ಪದಗಳಲ್ಲಿ ಬರೆಯುವವನಿಗೆ ಆ ಅನುಕೂಲ ಇದೆ. ಪೆನ್ನು ಹಿಡಿದು ಚಿತ್ರ ಬರೆಯುವವನಿಗೆ ಎಲ್ಲಿದೆ? ‘ವರ್ಣಿಸಲಾರೆ’ ಅಂತ ಅವನು ಖಾಲಿ ಚೌಕ ಬಿಡುವಂತಿಲ್ಲ. ಹೇಳಲಾಗದ್ದನ್ನು ಕೊನೆಗೂ ಗೆರೆಯಲ್ಲಿ ಇಳಿಸಲೇಬೇಕು. ಇಟೊ ಕಾಮಿಕ್ಸ್‌ಗೆ ಬರುವ ಮೊದಲು ದಂತ ತಂತ್ರಜ್ಞರಾಗಿದ್ದವರು. ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಎಳೆದು, ಹೇಳಲಾಗದ ಆ ವಸ್ತುವಿಗೆ ಚರ್ಮ, ನೆರಿಗೆ, ತೇವ ಎಲ್ಲ ಕೊಡುತ್ತಾರೆ. ಹಾಗಾದರೆ ಇದು ಲವ್‌ಕ್ರಾಫ್ಟ್‌ನ ದಾರಿಯೋ, ಅದಕ್ಕೆ ತಿರುಗಿ ನಿಂತದ್ದೋ? ಇಷ್ಟು ದೊಡ್ಡ ಪ್ರಶ್ನೆಯ ಮೇಲೆ ನೀವು ಒಂದು ಹೆಸರಿನ ಚೀಟಿ ಅಂಟಿಸಿ ಹೋಗಿದ್ದೀರಿ.

‘ಅಂಟಿಸುವ ಮಾತು’ ಅನ್ನುವುದು ನನ್ನ ಪದವಲ್ಲ. ನನಗೆ ಇಪ್ಪತ್ಮೂರು ವರ್ಷ, ಒಂದು ವಾರಪತ್ರಿಕೆಯಲ್ಲಿ ಟ್ರೇನಿಯಾಗಿ ಸೇರಿ ಮೂರು ತಿಂಗಳಾಗಿತ್ತು. ಕುಮಾರಕೃಪಾ ರಸ್ತೆಯಲ್ಲಿ ನಡೆದ ಒಂದು ಚಿತ್ರಪ್ರದರ್ಶನದ ಬಗ್ಗೆ ಬರೆಯಲು ಕಳಿಸಿದ್ದರು. ‘ಮನಸೆಳೆಯುವ ವರ್ಣಸಂಯೋಜನೆ’, ‘ಬದುಕಿನ ಬವಣೆಗಳ ಸಮರ್ಥ ಅಭಿವ್ಯಕ್ತಿ’ ಅಂತೆಲ್ಲ ಎರಡು ಕಾಲಂ ಬರೆದುಕೊಂಡು ಹೋದೆ. ನಮ್ಮ ಹಿರಿಯ ಉಪಸಂಪಾದಕರು ಪೆನ್ಸಿಲ್ ತೆಗೆದುಕೊಂಡು ಒಂದೊಂದೇ ಸಾಲಿನ ಕೆಳಗೆ ಗೆರೆ ಎಳೆಯುತ್ತಾ, “ಇದನ್ನ ಬೇರೆ ಪ್ರದರ್ಶನಕ್ಕೂ ಅಂಟಿಸಬಹುದು. ಇದನ್ನೂ ಅಂಟಿಸಬಹುದು. ಇದನ್ನೂ” ಅಂದರು. ಕೊನೆಗೆ ಹಾಳೆ ಪಕ್ಕಕ್ಕಿಟ್ಟು, “ಏನಮ್ಮಾ, ಆ ದೊಡ್ಡ ಚಿತ್ರದಲ್ಲಿ ಹೆಂಗಸು ಕೊಡ ಯಾವ ಕೈಲಿ ಹಿಡಿದಿದ್ಲು?” ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಕೊಡ ಇತ್ತೇ ಅನ್ನುವುದೂ ನೆನಪಿರಲಿಲ್ಲ.

ಮರುದಿನ ಬಸ್ ಹಿಡಿದು ಹೋದೆ. ಪ್ರದರ್ಶನ ಮುಗಿದಿತ್ತು, ಚಿತ್ರಗಳನ್ನು ಮೊಳೆಯಿಂದ ಇಳಿಸುತ್ತಿದ್ದರು. ಕಲಾವಿದರು ಆ ದೊಡ್ಡ ಚಿತ್ರಕ್ಕೆ ಹಳೇ ಪೇಪರ್ ಸುತ್ತುತ್ತಿದ್ದವರು, ನಾನು ಕೇಳಿದ್ದಕ್ಕೆ ಬಿಚ್ಚಿ ಗೋಡೆಗೆ ಒರಗಿಸಿದರು. ನೆಲದ ಮೇಲೆ ಕೂತು ಅರ್ಧ ಗಂಟೆ ನೋಡಿದೆ. ಕೊಡ ಎಡಗೈಯಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳ ಬಲಗಾಲಿನ ಚಪ್ಪಲಿಯ ಉಂಗುಷ್ಠ ಕಿತ್ತಿತ್ತು, ಅದಕ್ಕೆ ಪಿನ್ನು ಚುಚ್ಚಿತ್ತು. ಅಷ್ಟು ದೊಡ್ಡ ಕ್ಯಾನ್ವಾಸಿನಲ್ಲಿ ಬಿಳಿ ಬಣ್ಣದ ಒಂದು ಸಣ್ಣ ಚುಕ್ಕೆ. ಆ ಹೆಂಗಸು ಎಷ್ಟು ದೂರ ನಡೆದು ಬಂದಿದ್ದಾಳೆ ಅನ್ನುವುದೆಲ್ಲ ಆ ಪಿನ್ನಿನಲ್ಲಿತ್ತು. ವಾಪಸು ಬಂದು ಬರೆದದ್ದು ಅರ್ಧ ಕಾಲಂ ಮಾತ್ರ. ಅವರು ಒಂದಕ್ಷರ ಮುಟ್ಟದೆ ಪ್ರೆಸ್ಸಿಗೆ ಕಳಿಸಿದರು. ಅವರು ಈಗಿಲ್ಲ. ಆದರೆ ಈಗಲೂ ಒಂದು ವಿಶೇಷಣ ಬರೆಯುವ ಮುಂಚೆ ನನಗೆ ಆ ಪೆನ್ಸಿಲ್ಲಿನ ಸದ್ದು ಕೇಳುತ್ತದೆ.

ನಿಮ್ಮ ಎರಡನೇ ಪುಟಕ್ಕೆ ಬರುತ್ತೇನೆ. “ಕ್ಯಾಮೆರಾ ನಿಧಾನವಾಗಿ ತೊಟ್ಟಿಯ ಕಡೆಗೆ ಚಲಿಸಿದಂತೆ ಹಿನ್ನೆಲೆಯ ಮೌನ ಭೀಕರವಾಗುತ್ತದೆ.” ಪುಸ್ತಕದಲ್ಲಿ ಕ್ಯಾಮೆರಾ ಎಲ್ಲಿದೆ? ನೀವು 2024ರಲ್ಲಿ ಬಂದ ನಾಲ್ಕು ಕಂತಿನ ಕಪ್ಪುಬಿಳುಪು ಅನಿಮೆ (ಜಪಾನಿ ಅನಿಮೇಷನ್ ಸರಣಿ) ನೋಡಿ ಬರೆದಿರಬೇಕು ಅನ್ನಿಸಿತು. ನೋಡಬಾರದು ಅಂತಲ್ಲ. ಆದರೆ ಪರದೆಯ ಮೇಲೆ ಯಾವ ಕ್ಷಣಕ್ಕೆ ಏನು ಕಾಣಬೇಕು ಅನ್ನುವುದು ನಿರ್ದೇಶಕನ ಕೈಯಲ್ಲಿರುತ್ತದೆ. ಪುಸ್ತಕದಲ್ಲಿ ಹಾಳೆ ತಿರುವುವುದು ನಿಮ್ಮ ಬೆರಳು. ಜಪಾನಿ ಕಾಮಿಕ್ಸ್ ಓದುವುದು ಬಲದಿಂದ ಎಡಕ್ಕೆ. ಎಡಪುಟದ ಕೆಳಮೂಲೆಗೆ ಬಂದು ನಿಂತಾಗ, ಏನನ್ನೋ ಕಂಡು ಬಿಳಿಚಿಕೊಂಡ ಒಂದು ಮುಖವನ್ನು ಇಟೊ ಅಲ್ಲಿಡುತ್ತಾರೆ. ಆ ಮುಖ ಕಂಡದ್ದು ಹಾಳೆಯ ಆಚೆ ಬದಿಗಿದೆ. ತಿರುವದೆ ಇರಬಹುದು. ಆದರೂ ತಿರುವುತ್ತೇವೆ. ಆ ಹೇಸಿಗೆಯಲ್ಲಿ ನಮ್ಮದೂ ಒಂದು ಕೈ ಇದೆ ಅನ್ನುವ ತಳಮಳ ಹುಟ್ಟುವುದು ಅಲ್ಲಿಂದ. ಹಾರರ್ ಕಾಮಿಕ್ಸ್ ಸಿನಿಮಾದಿಂದ ಬೇರೆಯಾಗುವ ಜಾಗವೇ ಅದು. ನಿಮ್ಮ ಲೇಖನದಲ್ಲಿ ಹಾಳೆ ಒಂದು ಸಲವೂ ತಿರುಗಲಿಲ್ಲ.

ಅದೇ ತೊಟ್ಟಿಯ ಚಿತ್ರ ನೋಡಿ. ಶುಯಿಚಿಯ ಅಪ್ಪ ದುಂಡಗಿನ ಮರದ ತೊಟ್ಟಿಯಲ್ಲಿ ಸತ್ತುಬಿದ್ದಿದ್ದಾನೆ, ಮೈಯೆಲ್ಲ ಚಕ್ಕುಲಿ ಒತ್ತಿದ ಹಾಗೆ ಸುತ್ತಿಕೊಂಡಿದೆ. ನೀವು ಬರೆದದ್ದು ‘ವಿಕೃತ ಹಾಗೂ ಭಯಾನಕ ದೃಶ್ಯ’. ಚಕ್ಕುಲಿ ಅಂದರೆ ಕೃತಿಗೆ ಅಗೌರವ ಅಂದುಕೊಳ್ಳಬೇಡಿ. ಜಪಾನಿನ ತಮಾಷೆಯ ಕಾಮಿಕ್ಸ್‌ನಲ್ಲಿ ಪಾತ್ರಗಳ ಕೆನ್ನೆಯ ಮೇಲೆ ಸುರುಳಿ ಬರೆಯುವುದು ರೂಢಿ. ಆ ಮುದ್ದಾದ ಗುರುತನ್ನೇ ಬೇರೆ ಥರ ಬರೆದರೆ ಭಯ ಹುಟ್ಟಿಸಬಹುದು ಅನ್ನಿಸಿತು ಅಂತ ಇಟೊ ಹೇಳಿದ್ದಾರೆ. ಅಂದರೆ ಅವರು ಹುಡುಕಿದ್ದು ಯಾರಿಗೂ ತೊಂದರೆ ಮಾಡದ, ದಿನಬೆಳಗಾದರೆ ಕಾಣುವ ಆಕಾರವನ್ನು. ಶುಯಿಚಿಯ ಅಮ್ಮ ತನ್ನ ಬೆರಳ ತುದಿಗಳನ್ನೇ ಕತ್ತರಿಸಿಕೊಳ್ಳುತ್ತಾಳೆ, ಏಕೆಂದರೆ ಬೆರಳಚ್ಚಿನಲ್ಲೂ ಸುರುಳಿ ಇದೆ. ಕಿವಿಯೊಳಗಿನ ಶಂಖದಲ್ಲೂ ಇದೆ. ಅದನ್ನು ಓದಿದ ಮೇಲೆ ನಾನು ನನ್ನ ಹೆಬ್ಬೆರಳನ್ನು ದೀಪದ ಕೆಳಗೆ ಹಿಡಿದು ನೋಡಿದೆ. ‘ವಿಕೃತ’ ಅನ್ನುವ ಪದ ನನಗೆ ಆ ಕೆಲಸ ಮಾಡಿಸಲಾರದು.

“ಪಾತ್ರಗಳು ಸಪ್ಪೆ, ಇಷ್ಟೆಲ್ಲ ಆದರೂ ಕಿರಿಯೆ ಊರು ಬಿಟ್ಟು ಏಕೆ ಹೋಗುವುದಿಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ.” ನಿಜ, ಓದುಗರಲ್ಲಿ ಈ ತಕರಾರಿದೆ. ಆದರೆ ನೀವೇನು ಹೇಳುತ್ತೀರಿ? ಒಪ್ಪುತ್ತೀರೋ ಇಲ್ಲವೋ? ನನ್ನ ಮಟ್ಟಿಗೆ, ಕಿರಿಯೆಯ ಆ ಸಾದಾ ಮುಖವೇ ಪುಸ್ತಕದ ಬೆನ್ನೆಲುಬು. ಸುತ್ತಲಿನ ಪ್ರತಿಯೊಂದೂ ತಿರುಚಿಕೊಳ್ಳುವಾಗ ನೇರವಾಗಿ ಉಳಿಯುವುದು ಆ ಒಂದು ಮುಖ. ನೀವು ಇದನ್ನು ಒಪ್ಪಬೇಕಾಗಿಲ್ಲ, ಜಗಳ ಆಡಿ. ‘ಕೆಲವರು’ ಅನ್ನುವವರ ಬೆನ್ನ ಹಿಂದೆ ಮಾತ್ರ ನಿಲ್ಲಬೇಡಿ.

ಲೇಖನದ ಕೊನೆಯ ಭಾಗ, ಇಟೊ ಅವರ ಉಳಿದ ಕೃತಿಗಳ ಪಟ್ಟಿ, ಇವುಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ನನಗೆ ಬೇಕಾದದ್ದು ನಾಲ್ಕನೇ ಪುಟ. ಅಲ್ಲಿ ನೀವು ಬಸವನಹುಳುವಿನ ಅಧ್ಯಾಯದ ಕಥೆ ಹೇಳಿದ್ದೀರಿ: ಮಳೆ ಬಂದ ದಿನ ಮಾತ್ರ ತಡವಾಗಿ, ಒದ್ದೆಯಾಗಿ ಶಾಲೆಗೆ ಬರುವ ನಿಧಾನಿ ಹುಡುಗ, ಅವನನ್ನು ಗೋಳುಹೊಯ್ದುಕೊಳ್ಳುವ ಸಹಪಾಠಿಗಳು, ಅವನ ಬೆನ್ನ ಮೇಲೆ ಮೂಡುವ ಸುರುಳಿ, ಬಸವನಹುಳುವಾದ ಅವನನ್ನು ಶಾಲೆಯಲ್ಲಿ ಬೋನಿನಲ್ಲಿಡುವುದು. ಅದರ ಕೊನೆಗೆ ಬ್ರ್ಯಾಕೆಟ್ಟಿನೊಳಗೆ, ಸಣ್ಣ ಅಕ್ಷರದಲ್ಲಿ: “ಇದನ್ನು ಓದಿದ ಮರುದಿನ ಮಳೆಯಲ್ಲಿ ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಬಸವನಹುಳು ಇತ್ತು. ಯಾವಾಗಲೂ ಕಡ್ಡಿಯಿಂದ ಕೆಡವುತ್ತಿದ್ದೆ. ಆವತ್ತು ಆಗಲಿಲ್ಲ. ಎಂಟನೇ ಕ್ಲಾಸಿನಲ್ಲಿ ನಾವು ಗೋಳುಹೊಯ್ದುಕೊಂಡಿದ್ದ ಒಬ್ಬ ಹುಡುಗ ನೆನಪಾದ.”

ಇದನ್ನು ಬ್ರ್ಯಾಕೆಟ್ಟಿನಲ್ಲಿ ಏಕೆ ಬಚ್ಚಿಟ್ಟಿರಿ? ನಿಮ್ಮ ಆರು ಪುಟದಲ್ಲಿ ಯಾರಿಂದಲೂ ಸಾಲ ತಾರದ ಮಾತು ಇದೊಂದೇ. ಯಾವ ಬೇರೆ ಪುಸ್ತಕಕ್ಕೂ ಅಂಟಿಸಲಾಗದ ಮಾತು. ಅದನ್ನು ಓದಿ ನಾನು ಮೊದಲ ಸಂಪುಟ ಮತ್ತೆ ತೆರೆದೆ. ಶುಯಿಚಿಯ ಅಪ್ಪನನ್ನು ಕಿರಿಯೆ ಮೊದಲು ಕಾಣುವಾಗ ಅವನು ಓಣಿಯಲ್ಲಿ ಗೋಡೆಗೆ ಮುಖಮಾಡಿ ಕುಕ್ಕರಗಾಲಲ್ಲಿ ಕೂತಿರುತ್ತಾನೆ, ಮಾತಾಡಿಸಿದರೂ ಮಾತಿಲ್ಲ. ಅವನು ದಿಟ್ಟಿಸುತ್ತಿರುವುದು ಗೋಡೆಯ ಮೇಲಿನ ಬಸವನಹುಳುವನ್ನು. ನಿಮ್ಮ ಗೋಡೆ, ಆ ಗೋಡೆ. ನೀವು ಆ ಪುಸ್ತಕದ ಬಾಗಿಲಲ್ಲೇ ನಿಂತಿದ್ದಿರಿ.

ತಲೆಬರಹದ ಜೊತೆ ಕೊಟ್ಟಿರುವ ಅನುವಾದದ ಬಗ್ಗೆಯೂ ಒಂದು ಮಾತು. ‘ಉಜುಮಾಕಿ’ಯನ್ನು ‘ಸುರುಳಿ’ ಅಂತ ಕನ್ನಡಿಸಿದ್ದೀರಿ, ನಾನೂ ಇಲ್ಲಿಯವರೆಗೆ ಹಾಗೇ ಬರೆದೆ. ಆದರೆ ‘ಸುಳಿ’ ಅಂದು ನೋಡಿ. ಹೊಳೆಯ ಸುಳಿಯೂ ಅದೇ, ನೆತ್ತಿಯ ಮೇಲಿನ ಸುಳಿಯೂ ಅದೇ. ನಮ್ಮಲ್ಲಿ ಜಾತ್ರೆಗೆ ಎತ್ತು ಕೊಳ್ಳಲು ಹೋದವರು ಹಲ್ಲು ನೋಡಿದ ಮೇಲೆ ಸುಳಿ ನೋಡುತ್ತಾರೆ. ಕೆಟ್ಟ ಜಾಗದಲ್ಲಿ ಸುಳಿ ಇದ್ದರೆ ಎಷ್ಟೇ ಒಳ್ಳೆಯ ಎತ್ತಾದರೂ ಹಗ್ಗ ಹಿಡಿಯುವುದಿಲ್ಲ, ಮನೆಗೆ ಆಗಿಬರುವುದಿಲ್ಲ ಅನ್ನುತ್ತಾರೆ. ಒಂದು ಆಕಾರ ಮನೆ ಹಾಳುಮಾಡಬಹುದು ಎಂಬ ಹೆದರಿಕೆ ನಮ್ಮ ಹಟ್ಟಿಯಲ್ಲೇ ಇದೆ. ಅಜಾಮಿ ಎಂಬ ಹುಡುಗಿಯ ಹಣೆಯ ಗಾಯದ ಗುರುತು ಸುಳಿಯಾಗಿ ಕೊರೆಯುತ್ತಾ ಹೋಗುವ ಅಧ್ಯಾಯವನ್ನು ಈ ಪದ ಬಾಯಲ್ಲಿಟ್ಟುಕೊಂಡು ಓದಿ.

ಮತ್ತೆ ಬರೆಯಿರಿ. ಆರು ಪುಟ ಬೇಡ, ಮೂರು ಸಾಕು. ಕಾಂಪೌಂಡ್ ಗೋಡೆಯಿಂದ ಶುರುಮಾಡಿ, ಬಸವನಹುಳುವಿನ ಅಧ್ಯಾಯ ಒಂದನ್ನೇ ತೆಗೆದುಕೊಳ್ಳಿ, ಎಂಟನೇ ಕ್ಲಾಸಿನ ಆ ಹುಡುಗನ ಬಗ್ಗೆ ಎಷ್ಟು ಹೇಳಬಲ್ಲಿರೋ ಅಷ್ಟು ಹೇಳಿ, ಅವನ ಹೆಸರು ಮಾತ್ರ ಬೇಡ. ಐಸ್ನರ್ ಬೇಕಿದ್ದರೆ ಕೊನೆಯಲ್ಲಿ ಒಂದು ಸಾಲು. ಮುಂದಿನ ತಿಂಗಳ ಸಂಚಿಕೆಯಲ್ಲಿ ಜಾಗ ಕಾದಿರಿಸಿದ್ದೇನೆ, ಇಪ್ಪತ್ತನೇ ತಾರೀಕಿನೊಳಗೆ ಕಳಿಸಿ. ಪುಸ್ತಕ ಕೈಯಲ್ಲಿಲ್ಲದೆ ಅನಿಮೆ ನೋಡಿಯೋ, ಯಾರದೋ ಮೊಬೈಲಿನಲ್ಲಿ ಓದಿಯೋ ಬರೆದಿದ್ದರೆ ಸಂಕೋಚವಿಲ್ಲದೆ ವಿಳಾಸ ಬರೆಯಿರಿ. ನನ್ನ ಮೂರು ಸಂಪುಟಗಳನ್ನು ಕೊರಿಯರ್ ಮಾಡುತ್ತೇನೆ. ಮೊದಲನೆಯದರ ಬೈಂಡಿಂಗ್ ಸಡಿಲವಾಗಿದೆ, ಹಾಳೆಯನ್ನು ಮೆಲ್ಲಗೆ ತಿರುವಿ.

ಇಂತು,
ಸಂಪಾದಕಿ